ಮುಳುಗಿದ ಶಾಫ್ಟಿನ ಹರಿವು

1962ನೆಯ ಇಸವಿಯ ಕೊನೆಯ ತಿಂಗಳುಗಳು. ನಾನು ಆಗ ಕರಾವಳಿಯ ಒಂದು ಸರ್ಕಾರಿ ಸಮುದ್ರ ಸಮೀಕ್ಷೆ ಕಚೇರಿಯಲ್ಲಿ ಉಪಕರಣ ವಿಭಾಗದ ಸಹಾಯಕನಾಗಿದ್ದೆ. ಹುಟ್ಟಿ ಬೆಳೆದದ್ದು ಬೂದಿಕೋಟೆಯಲ್ಲಿ. ಕೆಲಸಕ್ಕೆ ಸೇರುವವರೆಗೆ ನಾನು ನೋಡಿದ್ದ ಅತಿ ದೊಡ್ಡ ನೀರೆಂದರೆ ಬೇತಮಂಗಲದ ಕೆರೆ. ಅಂಥವನಿಗೆ ಸಮುದ್ರದ ಪ್ರವಾಹ ಅಳೆಯುವ ಯಂತ್ರಗಳ ಉಸ್ತುವಾರಿ ಕೊಟ್ಟಿದ್ದರು. ಸರ್ಕಾರದ ತಮಾಷೆಗಳೇ ಹಾಗಿರುತ್ತವೆ.

ಮುಂದಿನ ವರ್ಷ ನಮ್ಮ ಹಡಗು ಆಫ್ರಿಕಾದ ಸೊಮಾಲಿ ತೀರಕ್ಕೆ ಹೋಗಬೇಕಿತ್ತು. ಅಲ್ಲಿ ಒಂದು ಮಹಾಪ್ರವಾಹವಿದೆ. ಸಮುದ್ರದೊಳಗೆ ಹರಿಯುವ ನದಿ ಎಂದುಕೊಳ್ಳಿ. ನಮ್ಮ ಮುಂಗಾರು ಬೀಸುವ ಕಾಲದಲ್ಲಿ ಅದು ಉತ್ತರಕ್ಕೆ ರಭಸದಿಂದ ಓಡುತ್ತದೆ, ಚಳಿಗಾಲದಲ್ಲಿ ದಿಕ್ಕು ಬದಲಿಸಿ ದಕ್ಷಿಣಕ್ಕೆ ತಿರುಗುತ್ತದೆ. ಎಷ್ಟು ನೀರು, ಎಷ್ಟು ಆಳದವರೆಗೆ, ಎಷ್ಟು ವೇಗದಲ್ಲಿ, ಯಾವಾಗ ಹೆಚ್ಚು ಯಾವಾಗ ಕಡಿಮೆ ಎಂದು ಅಳೆಯುವುದು ನಮ್ಮ ಕೆಲಸ.

ಅದಕ್ಕಾಗಿ ಒಂದು ಹೊಸ ಕರೆಂಟ್ ಮೀಟರ್ ಬಂದಿತ್ತು. ಹಿತ್ತಾಳೆಯ ಮೈ, ಮುಂದೆ ಒಂದು ಪಂಖ, ಹಿಂದೆ ಬಾಲ. ನೀರು ಹರಿದರೆ ಪಂಖ ತಿರುಗುತ್ತದೆ. ಒಂದು ಸುತ್ತು ಮುಗಿದಾಗ ಕೇಬಲ್ ಮೂಲಕ ಮೇಲಿರುವವನ ಹೆಡ್‌ಫೋನಿನಲ್ಲಿ ಒಂದು ಟಿಕ್. ಟಿಕ್‌ಗಳನ್ನು ಎಣಿಸಿದರೆ ವೇಗ ಸಿಗುತ್ತದೆ. ದಿಕ್ಕಿಗೆ ಬೇರೆ ಉಪಾಯ. ಯಂತ್ರದೊಳಗಿನ ದಿಕ್ಸೂಚಿಯ ಸುತ್ತ ಚಿಕ್ಕ ಚಿಕ್ಕ ಮನೆಗಳಿರುತ್ತವೆ. ಬಾಲ ನೀರಿನ ಸೆಳೆತಕ್ಕೆ ತಿರುಗಿ ನಿಂತಾಗ ಕಂಚಿನ ಪುಟ್ಟ ಗುಂಡುಗಳು ಆ ದಿಕ್ಕಿನ ಮನೆಗೆ ಉದುರುತ್ತವೆ. ಯಂತ್ರವನ್ನು ಮೇಲೆತ್ತಿ, ಗುಂಡು ಯಾವ ಮನೆಯಲ್ಲಿದೆ ಎಂದು ನೋಡಿದರಾಯಿತು.

ಇಂಥ ಯಂತ್ರವನ್ನು ನಂಬುವುದಕ್ಕೆ ಮುಂಚೆ ಸೊನ್ನೆ ಪರೀಕ್ಷೆ ಮಾಡಬೇಕು. ಅಂದರೆ ನೀರು ನಿಂತಿರುವ ಕಡೆ ಇಳಿಸಿದರೆ ಯಂತ್ರ ಸೊನ್ನೆಯನ್ನೇ ತೋರಿಸಬೇಕು. ಜೊತೆಗೆ ಆಳದ ಒತ್ತಡಕ್ಕೆ ಒಳಗೆ ನೀರು ನುಗ್ಗಬಾರದು. ಬಂದರಿನ ನೀರು ಉಬ್ಬರವಿಳಿತಕ್ಕೆ ಸಿಕ್ಕಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಬಾವಿಗಳಿಗೆ ಆಳವಿಲ್ಲ. ಅಲ್ಲಾಡದ ನೀರು, ನೂರಾರು ಅಡಿ ಆಳ, ಎರಡೂ ಒಟ್ಟಿಗೆ ಎಲ್ಲಿ ಸಿಗಬೇಕು? ಆಗ ನಾನೇ ಬಾಯಿಬಿಟ್ಟೆ. ನಮ್ಮ ಕಡೆ ಚಿನ್ನದ ಗಣಿಗಳಲ್ಲಿ ಮುಚ್ಚಿದ ಶಾಫ್ಟ್‌ಗಳಿವೆ, ಅಂದರೆ ನೆಟ್ಟಗೆ ಕೆಳಗಿಳಿಯುವ ಗಣಿಬಾವಿಗಳು, ನೀರು ತುಂಬಿ ನಿಂತಿದೆ ಎಂದೆ. ಸಾಹೇಬರು ಪತ್ರ ಬರೆದರು, ಅನುಮತಿ ಬಂತು. ಮೀಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಕೋಲಾರ ಗೋಲ್ಡ್ ಫೀಲ್ಡ್ಸ್‌ನಲ್ಲಿ ಇಳಿದೆ.

ಉಳಿದುಕೊಂಡದ್ದು ನನ್ನ ಅಕ್ಕ ಗೌರಿಯ ಮನೆಯಲ್ಲಿ. ಅವಳ ಗಂಡ, ನನ್ನ ಭಾವ ಮುನಿಸ್ವಾಮಿ, ಗಣಿಯಲ್ಲಿ ಮರಗೆಲಸದ ಗ್ಯಾಂಗಿನವನು. ಬಂಡೆ ಕೆಳಗೆ ಕುಸಿಯದಂತೆ ಮರದ ದಿಮ್ಮಿಗಳ ಆಸರೆ ನಿಲ್ಲಿಸುವುದು ಅವರ ಕೆಲಸ. ಗಣಿ ಕೆಲಸಗಾರರ ಲೈನ್ ಮನೆ, ಒಂದೇ ಕೋಣೆ, ನಡುವೆ ಸೀರೆಯ ಪರದೆ. ನನಗೆ ಕೊಟ್ಟ ಶಾಫ್ಟ್, ಭಾವ ದುಡಿಯುತ್ತಿದ್ದ ಗಣಿಯ ಪಕ್ಕದ್ದೇ. ಎರಡಕ್ಕೂ ನಡುವೆ ನೆಲದೊಳಗೆ ಅಗೆಯದೆ ಬಿಟ್ಟ ಬಂಡೆಯ ಗೋಡೆಯಿತ್ತು.

ಆ ಶಾಫ್ಟಿನ ಕಥೆ ಊರಿಗೆಲ್ಲ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಅಲ್ಲಿ ರಾಕ್ ಬರ್ಸ್ಟ್ ಆಗಿತ್ತು. ಆಳದಲ್ಲಿ ಬಂಡೆ ತನ್ನ ಭಾರ ತಾನೇ ತಾಳಲಾರದೆ ಸಿಡಿಯುವುದಕ್ಕೆ ಹಾಗೆನ್ನುತ್ತಾರೆ. ಕೆಳಗಿದ್ದ ಕೆಲವರನ್ನು ಹೊರತೆಗೆಯಲು ಆಗಲಿಲ್ಲ. ಕೊನೆಗೆ ಪಂಪ್‌ಗಳನ್ನು ನಿಲ್ಲಿಸಿದರು. ನೀರು ತಾನಾಗಿ ಏರುತ್ತಾ ಬಂದು ಬಾಯಿಯಿಂದ ಮೂರಾಳು ಕೆಳಗೆ ನಿಂತಿತು. ಮೇಲೆ ತುಕ್ಕು ಹಿಡಿದ ಹೆಡ್‌ಗೇರ್, ಅಂದರೆ ಜನರನ್ನು ಹೊತ್ತ ಕೇಜನ್ನು ಇಳಿಸಿ ಏರಿಸುವ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ತಿರುಗದ ಚಕ್ರ. ಪಕ್ಕದಲ್ಲಿ ಸಯನೈಡ್ ದಿಬ್ಬ, ಚಿನ್ನ ತೆಗೆದು ಉಳಿದ ಪುಡಿಯ ಗುಡ್ಡ. ಗಾಳಿ ಬೀಸಿದರೆ ದಿಬ್ಬದ ಬಿಳಿ ಧೂಳು ಬಂದು ನೀರಿನ ಮೇಲೆ ಪದರವಾಗಿ ಕೂರುತ್ತಿತ್ತು. ಆ ಪದರ ಒಡೆಯದೆ, ಅಲುಗದೆ, ಹಾಗೇ ಇರುತ್ತಿತ್ತು. ಅದನ್ನು ನೋಡಿ ನನಗೆ ಖುಷಿಯಾಯಿತು. ಇದಕ್ಕಿಂತ ನಿಂತ ನೀರು ಭೂಮಿಯ ಮೇಲೆ ಸಿಗದು ಎಂದುಕೊಂಡೆ.

ಗಣಿಯವರು ರಾಟೆ ತಿರುಗಿಸಲು ಇಬ್ಬರು ಆಳುಗಳನ್ನು ಕೊಟ್ಟಿದ್ದರು. ಮೊದಲ ದಿನ ಬೆಳಗ್ಗೆ ಮೀಟರ್ ಇಳಿಸಿದೆವು. ನೂರು ಅಡಿಯಲ್ಲಿ ಹೆಡ್‌ಫೋನ್ ಮೌನ. ಇನ್ನೂರು ಅಡಿಯಲ್ಲೂ ಮೌನ. ನಾನು ಹಾಯಾಗಿ ಬೀಡಿ ಹಚ್ಚಿದೆ. ಮುನ್ನೂರು ದಾಟಿ ಸ್ವಲ್ಪ ಇಳಿದಾಗ ಕಿವಿಯಲ್ಲಿ ಟಿಕ್ ಎಂದಿತು.

ಕೇಬಲ್ ಅಲುಗಿರಬೇಕು ಎಂದು ಆಳುಗಳಿಗೆ ನಿಲ್ಲಿಸಲು ಹೇಳಿದೆ. ನಿಲ್ಲಿಸಿದರು. ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಟಿಕ್. ಮತ್ತೊಂದು. ನಿಧಾನವಾಗಿ, ಸಮವಾಗಿ ಬರತೊಡಗಿದವು. ಇನ್ನೂ ಐವತ್ತು ಅಡಿ ಇಳಿಸಿದರೆ ಮೌನ. ಅದೇ ಆಳಕ್ಕೆ ಏರಿಸಿದರೆ ಟಿಕ್.

ನನಗೆ ಸಿಟ್ಟು ಬಂತು. ಹೊಸ ಯಂತ್ರ, ಮೊದಲ ದಿನವೇ ಸುಳ್ಳು ಹೇಳುತ್ತಿದೆ. ಮೇಲೆತ್ತಿ ಬಿಚ್ಚಿದೆ. ತಂತಿಗಳೆಲ್ಲ ಸರಿ, ಒಳಗೆ ಹನಿ ನೀರಿಲ್ಲ. ಡ್ರಮ್ಮಿನಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿ ಕೂತೆ. ಒಂದು ಟಿಕ್ ಕೂಡ ಇಲ್ಲ. ಮತ್ತೆ ಶಾಫ್ಟಿಗಿಳಿಸಿದರೆ ಅದೇ ಜಾಗದಲ್ಲಿ ಅದೇ ಸದ್ದು. ಅದು ಹಳೆಯ ಲೆವೆಲ್ ಒಂದರ ಬಾಯಿ ಇದ್ದ ಆಳ. ಲೆವೆಲ್ ಎಂದರೆ ಶಾಫ್ಟಿನಿಂದ ಅಡ್ಡಕ್ಕೆ ಹೊರಡುವ ಸುರಂಗ. ಅದರ ಬಾಯಿಯನ್ನು ಇಟ್ಟಿಗೆಯಿಂದ ಕಟ್ಟಿದ್ದರು, ಆ ಇಟ್ಟಿಗೆ ಗೋಡೆಯಲ್ಲಿ ಒಂದು ಕಂಡಿ ಉಳಿದಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಮೀಟರ್ ಅದೃಷ್ಟಕ್ಕೆ ಆ ಕಂಡಿಯ ಎದುರಿಗೇ ತೂಗುತ್ತಿತ್ತು.

ಮಧ್ಯಾಹ್ನ ಶಿಫ್ಟ್ ಮುಗಿಯುವ ಹೊತ್ತಿಗೆ ಪಕ್ಕದ ಗಣಿಯಲ್ಲಿ ಬಂಡೆ ಒಡೆಯಲು ಸಿಡಿಮದ್ದು ಹಾರಿಸುತ್ತಾರೆ. ಅಂದೂ ಹಾರಿಸಿದರು. ಕಾಲ ಕೆಳಗೆ ನೆಲ ಗುದ್ದಿದ ಹಾಗಾಯಿತು. ಶಾಫ್ಟಿನಲ್ಲಿ ಧೂಳಿನ ಪದರ ನಡುಗಿ ಬಿರುಕು ಬಿಟ್ಟಿತು. ಹೆಡ್‌ಫೋನಿನಲ್ಲಿ ಟಿಕ್‌ಗಳು ಒಂದರ ಹಿಂದೊಂದು ಹತ್ತಿರ ಬಂದವು, ಯಾರೋ ಹೆಜ್ಜೆ ಬೇಗ ಹಾಕಿದಂತೆ. ಸ್ವಲ್ಪ ಹೊತ್ತಿನ ಮೇಲೆ ನಿಧಾನವಾದವು. ಆದರೆ ಬೆಳಗಿನಷ್ಟು ನಿಧಾನವಾಗಲಿಲ್ಲ. ಮರುದಿನವೂ ಹೀಗೇ ಆಯಿತು, ಅದರ ಮರುದಿನವೂ. ಪ್ರತಿ ಸಿಡಿತದ ನಂತರ ಹರಿವು ಒಂದು ಚೂರು ಹೆಚ್ಚಾಗಿ ಉಳಿಯುತ್ತಿತ್ತು. ರಾಟೆಯ ಆಳುಗಳಲ್ಲಿ ಒಬ್ಬನು ಮೂರನೆಯ ದಿನ ಕೆಲಸಕ್ಕೇ ಬರಲಿಲ್ಲ.

ಆ ದಿನವೇ ಒಬ್ಬ ಹೆಂಗಸು ಸೆರಗಿನಲ್ಲಿ ಏನೋ ಕಟ್ಟಿಕೊಂಡು ಶಾಫ್ಟಿನ ಹತ್ತಿರ ಬಂದರು. ನಡುವಯಸ್ಸು, ಬೋಳು ಹಣೆ. ಕ್ಯಾಸಂಬಳ್ಳಿ ಕಡೆಯವರು, ಹೆಸರು ರಾಮಕ್ಕ. ಕೆಳಗೆ ಉಳಿದುಹೋದವರಲ್ಲಿ ಅವರ ಯಜಮಾನರೂ ಒಬ್ಬರು.

"ಏನ್ ನಾಯ್ನಾ, ನೀರಿಗೆ ಗಾಳ ಬುಟ್ಕೊಂಡು ಕುಂತಿದ್ದೀಯ?" ಎಂದರು.

ಹೇಳಿದೆ. ಕೇಳಿಸಿಕೊಂಡು ತಲೆಯಾಡಿಸಿ ಸೆರಗು ಬಿಚ್ಚಿದರು. ಒಳಗೆ ಕಲ್ಲುಪ್ಪು. ಒಂದು ಹಿಡಿ ತೆಗೆದು ನೀರಿಗೆ ಸುರಿದರು.

"ಉಪ್ಪು ಯಾಕೆ ರಾಮಕ್ಕ?"

"ಕೆಳಗೆ ಎಂಥಾ ಸೆಕೆ ಅಂತ ನಿಂಗೇನ್ ಗೊತ್ತು. ಬೆವರಿ ಬೆವರಿ ಮೈಯಲ್ಲಿರೋ ಉಪ್ಪೆಲ್ಲ ಓಯ್ತದೆ ಅಂತ ಗಣಿಯೋರೇ ಉಪ್ಪಿನ ಮಾತ್ರೆ ಕೊಡ್ತಿದ್ರು. ಅವರು ಮೇಲೆ ಬರಲೇ ಇಲ್ಲ. ಯಾರ್ ಕೊಡ್ತಾರೆ ಈಗ? ನಾವೇ ಕೊಡ್ಬೇಕಲ್ಲ. ಅಮಾಸೆ ದಿನ ಎಲ್ಲಾ ಹೆಣ್ಮಕ್ಳೂ ಬತ್ತಾರೆ. ನಂಗೆ ಅಮಾಸೆವರೆಗೂ ತಡ್ಕಳಕ್ಕೆ ಆಗಲ್ಲ, ನಡುನಡುವೆ ಬತ್ತೀನಿ."

ಆಳದ ಗಣಿಯ ಸೆಕೆಗೆ ಉಪ್ಪಿನ ಮಾತ್ರೆ ಕೊಡುವುದು ನಿಜ. ಸತ್ತವರಿಗೂ ಅದನ್ನು ಮುಂದುವರಿಸಿದ್ದು ಆ ಲೈನ್ ಮನೆಗಳ ಹೆಂಗಸರು ಮಾತ್ರ. ಯಾರೂ ಅವರಿಗೆ ಹೇಳಿಕೊಟ್ಟ ಪೂಜೆಯಲ್ಲ ಅದು.

ಅವರು ಹೆಡ್‌ಫೋನಿನ ಕಡೆ ನೋಡಿದರು. ಕೊಟ್ಟೆ. ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೇಳಿದರು. ಮುಖದಲ್ಲಿ ಭಯವೇನೂ ಇರಲಿಲ್ಲ.

"ನಡೀತಾವ್ರೆ," ಎಂದರು. "ಇನ್ನೂ ನಡೀತಾನೇ ಅವ್ರೆ."

 ಹಾಡಹಗಲು, ನೆತ್ತಿಯ ಮೇಲೆ ಬಿಸಿಲು, ಆದರೂ ನನ್ನ ಬೆನ್ನು ತಣ್ಣಗಾಯಿತು. ಅದು ನೀರಿನ ಸೆಳೆತ, ಪಂಖದ ಸದ್ದು ಎಂದು ಬಿಡಿಸಿ ಹೇಳುವುದು ನನ್ನ ಕೆಲಸ. ಅದನ್ನು ಬಿಟ್ಟು, ಅವರಿಗೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸಲೆಂದು ಕೇಬಲನ್ನು ಅಲುಗದಂತೆ ಹಿಡಿದುಕೊಂಡೆ.

ಅವರು ಹೋದ ಮೇಲೆ ಮೀಟರ್ ಎತ್ತಿ ದಿಕ್ಕು ನೋಡಿದೆ. ಕಂಚಿನ ಗುಂಡುಗಳೆಲ್ಲ ಒಂದೇ ಮನೆಯಲ್ಲಿ ಬಿದ್ದಿದ್ದವು. ಪೂರ್ವ. ಪೂರ್ವಕ್ಕೆ ಏನಿದೆ ಎಂದು ತಲೆಯೆತ್ತಿ ನೋಡಿದೆ. ಪಕ್ಕದ ಗಣಿಯ ಹೆಡ್‌ಗೇರ್ ಕಾಣಿಸಿತು. ಅದರ ಚಕ್ರ ತಿರುಗುತ್ತಿತ್ತು. ಕೇಜು ಎರಡನೆಯ ಶಿಫ್ಟಿನವರನ್ನು ಇಳಿಸುತ್ತಿತ್ತು.

ಅಲ್ಲಿಯವರೆಗೆ ನನ್ನದು ಯಂತ್ರದ ಚಿಂತೆ. ಆ ಕ್ಷಣದಿಂದ ಬೇರೆ ಚಿಂತೆ ಹಿಡಿಯಿತು. ನಿಂತಿರಬೇಕಾದ ನೀರು ಹರಿಯುತ್ತಿದೆ ಎಂದರೆ ಎಲ್ಲೋ ದಾರಿಯಾಗಿದೆ. ದಾರಿ ಪೂರ್ವಕ್ಕಿದೆ. ಪೂರ್ವದಲ್ಲಿ ಜನ ದುಡಿಯುತ್ತಿದ್ದಾರೆ. ನಡುವೆ ಇರುವುದು ಒಂದು ಗೋಡೆ, ಅದರ ಬೆನ್ನಿಗೆ ನೂರಾರು ಅಡಿ ನೀರಿನ ಭಾರ.

ಸಂಜೆ ಊಟಕ್ಕೆ ಕೂತಾಗ ಭಾವನನ್ನು ಸುಮ್ಮನೆ ಮಾತಿಗೆಳೆದೆ. ನೀವು ಕೆಲಸ ಮಾಡುವ ಕಡೆ ನೀರು ಬರುತ್ತದೆಯೇ ಎಂದೆ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು.

"ಯಾಕ್ ಕೇಳ್ದೆ? ಪಡುವಣ ಮೂಲೆನಲ್ಲಿ ಸೋರ್ತದೆ. ಮೊದ್ಲು ಬೆವರಿದಂಗೆ ಇತ್ತು, ಈಗ ತೊಟ್ಟಿಕ್ತದೆ. ಬಾಯಿಗೆ ಬಿದ್ರೆ ಒಂಥರಾ ಉಪ್ಪು. ನಮ್ ಗ್ಯಾಂಗಿನೋರು ಅಲ್ಲಿ ಕುಂತು ಬುತ್ತಿ ಉಣ್ಣಲ್ಲ."

"ಯಾಕೆ?"

"ಆಕಡೆಯೋರ ಬೆವರು ಅಂತಾರೆ." ಭಾವ ನಗಲಿಲ್ಲ.

ನಾನು ಕಂಡದ್ದನ್ನು ಹೇಳಿದೆ. ಅಕ್ಕ ಸಾರಿನ ಪಾತ್ರೆ ಹಿಡಿದು ನಿಂತೇಬಿಟ್ಟಳು. ನಾಳೆಯಿಂದ ಕೆಲಸಕ್ಕೆ ಹೋಗಬೇಡ ಎಂದು ಗಂಡನಿಗೆ ಅಂದಳು. ಭಾವ ಕೈ ತೊಳೆದುಕೊಂಡು ಬಂದು ಕೂತ.

"ನಾನ್ ಓಗ್ದಿದ್ರೆ ನನ್ ಜಾಗಕ್ಕೆ ಇನ್ನೊಬ್ಬನ್ನ ಇಳಿಸ್ತಾರೆ, ಅಷ್ಟೇ. ಗೋಡೆ ಒಡ್ಯೋದು ಒಡೀತದೆ. ಸೀನ, ನೀನು ಓದಿರೋನು. ಮ್ಯಾನೇಜರಿಗೆ ಏಳು. ಎಲ್ರನ್ನೂ ಮ್ಯಾಕೆ ಕರ್ಕೊಂಡ್ರೆ ನಾನೂ ಬತ್ತೀನಿ. ಒಬ್ನೇ ಬರಲ್ಲ."

ಮರುದಿನ ಬೆಳಗ್ಗೆ ಗಣಿ ಕಚೇರಿಗೆ ಹೋದೆ. ಅಂಡರ್‌ಗ್ರೌಂಡ್ ಮ್ಯಾನೇಜರ್ ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. ಎದ್ದು ಕೈಕುಲುಕಿ ಕೂರಿಸಿದರು. ನಕ್ಷೆ ಹರಡಿ ತೋರಿಸಿದರು. ಎರಡು ಗಣಿಗಳ ನಡುವಿನ ಬಂಡೆ ನಕ್ಷೆಯಲ್ಲಿ ಧಾರಾಳ ದಪ್ಪವಿತ್ತು.

"ನಿಮ್ಮ ದಿಕ್ಸೂಚಿ ಕಬ್ಬಿಣದ ಪಕ್ಕ ಸರಿಯಾಗಿ ಕೆಲಸ ಮಾಡುತ್ತದೆಯೇ?" ಎಂದು ಕೇಳಿದರು.

ಮಾಡುವುದಿಲ್ಲ. ಶಾಫ್ಟಿನ ತುಂಬ ಹಳೆಯ ಪೈಪು, ಹಳಿ. ನನ್ನ ಪೂರ್ವ ಪೂರ್ವವೇ ಆಗಿರಬೇಕೆಂದಿಲ್ಲ.

"ಸೋರುವ ನೀರು ಉಪ್ಪಾಗಿದೆ ಸರ್."

"ಆಳದ ಬಂಡೆಯ ನೀರು ಹಲವು ಕಡೆ ಉಪ್ಪೇ. ಅದು ಪಕ್ಕದ ಶಾಫ್ಟಿನದೇ ಎಂದು ಹೇಗೆ ಹೇಳುತ್ತೀರಿ? ಒಂದು ಲೆವೆಲ್ ನಿಲ್ಲಿಸಬೇಕಾದರೆ ನಾನು ಮೇಲಿನವರಿಗೆ ಉತ್ತರ ಕೊಡಬೇಕು. ಆ ನೀರೇ ಈ ನೀರು ಎಂದು ತೋರಿಸಿ, ಅದೇ ಗಳಿಗೆಯಲ್ಲಿ ನಿಲ್ಲಿಸುತ್ತೇನೆ."

ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು, ಅದೇ ನನ್ನನ್ನು ಹೆಚ್ಚು ಹೆದರಿಸಿತು. ಹೊರಗೆ ಬಂದು ದಿಬ್ಬದ ನೆರಳಿನಲ್ಲಿ ಕೂತೆ. ಆ ನೀರೇ ಈ ನೀರು ಎಂದು ತೋರಿಸಬೇಕು. ಸಮುದ್ರದಲ್ಲಿ ಒಂದು ನೀರನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸುವುದು ಹೇಗೆ? ನಾವು ಅದರ ಉಪ್ಪನ್ನು ಅಳೆಯುತ್ತೇವೆ. ನನ್ನ ಪೆಟ್ಟಿಗೆಯಲ್ಲೇ ಸಿಲ್ವರ್ ನೈಟ್ರೇಟ್ ಬಾಟಲಿ ಇತ್ತು. ಉಪ್ಪುನೀರಿಗೆ ಅದನ್ನು ಹನಿಸಿದರೆ ಬೆಳ್ಳಗೆ ಕದಡುತ್ತದೆ. ಉಪ್ಪು ಹೆಚ್ಚಾದಷ್ಟೂ ಬಿಳುಪು ಹೆಚ್ಚು. ಶಾಫ್ಟಿನ ನೀರಿಗೆ ಆ ಕಂಡಿಯ ಹತ್ತಿರವೇ ಮೂಟೆಗಟ್ಟಲೆ ಉಪ್ಪು ಇಳಿಸಿ, ಆ ಕಡೆ ಸೋರುವ ನೀರನ್ನು ಗಳಿಗೆಗೊಮ್ಮೆ ಪರೀಕ್ಷಿಸಿದರೆ? ಉಪ್ಪು ಅಲ್ಲಿ ಏರಿದರೆ ಮುಗಿಯಿತು, ನಕ್ಷೆಗೆ ಬಾಯಿಲ್ಲ.

ಈ ಉಪಾಯ ನನ್ನದು ಎಂದು ಹಲವು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಅರ್ಧ ರಾಮಕ್ಕನದು.

ಅವರನ್ನು ಹುಡುಕಿಕೊಂಡು ಹೋಗಲೇಬೇಕಾಗಿತ್ತು. ಬಂಗಾರಪೇಟೆ ಪೇಟೆಯಲ್ಲಿ ಉಪ್ಪಿಗೆ ಬರವೇನಿಲ್ಲ. ಆದರೆ ಅವರನ್ನು ಕೇಳದೆ ಆ ನೀರಿಗೆ ಮೂಟೆ ಇಳಿಸಿದ್ದರೆ ಲೈನ್ ಮನೆಗಳ ಹೆಂಗಸರು ನನ್ನನ್ನೂ ಹಿಂದೆಯೇ ಇಳಿಸುತ್ತಿದ್ದರು. ಹೇಳಿದ್ದನ್ನೆಲ್ಲ ರಾಮಕ್ಕ ಕುಕ್ಕರಗಾಲಿನಲ್ಲಿ ಕೂತು ಕೇಳಿದರು.

"ಆಕಡೆ ಗಣಿಯೋರು ಬದುಕ್ಬೇಕು ಅಂತ ಈಕಡೆಯೋರ ಉಪ್ಪು ಕೇಳ್ತಿದ್ದೀಯ."

"ಹೌದು ರಾಮಕ್ಕ."

"ಅಂಗಡಿ ಉಪ್ಪು ಬ್ಯಾಡ. ಅವರಿಗೆ ಮನೆ ಉಪ್ಪು ಕೊಟ್ಟು ರೂಢಿ. ನಾಳೀಕೆ ಅಮಾಸೆ. ಎಲ್ರೂ ಬತ್ತಾರೆ, ಹಿಡಿ ತರೋರು ಸೇರು ತರ್ಲಿ. ನಾನ್ ಏಳ್ತೀನಿ ಬುಡು."

ಮ್ಯಾನೇಜರಿಗೆ ಹೇಳಿದೆ. ಅವರು ನಕ್ಕರು, ಆದರೆ ಬೇಡವೆನ್ನಲಿಲ್ಲ. ಸೋರುವ ಜಾಗದಲ್ಲಿ ಬಾಟಲಿ ತುಂಬಿ ಕೇಜಿನಲ್ಲಿ ಕಳಿಸಲು ಒಬ್ಬನನ್ನು ನೇಮಿಸಿದರು. ಗಣಿ ಬಾಯಿಯ ಪಕ್ಕದ ಕೋಣೆಯಲ್ಲಿ ನನಗೊಂದು ಮೇಜು ಕೊಟ್ಟರು.

ಅಮಾವಾಸ್ಯೆಯ ಬೆಳಗ್ಗೆ ಬಂದ ಹೆಂಗಸರನ್ನು ನೋಡಿ ನಾನು ದಂಗಾದೆ. ಉಪ್ಪಿನ ಮಡಕೆಗಳನ್ನೇ ಸೊಂಟದ ಮೇಲೆ ಹೊತ್ತು ತಂದಿದ್ದರು. ಕೆಲವರು ತಮಿಳಿನಲ್ಲಿ, ಕೆಲವರು ತೆಲುಗಿನಲ್ಲಿ ಏನೋ ಮಣಮಣಿಸುತ್ತಾ ಗೋಣಿಚೀಲಗಳಿಗೆ ಸುರಿದರು.  ಚೀಲಗಳನ್ನು ಹಗ್ಗಕ್ಕೆ ಕಟ್ಟಿ ಕಂಡಿಯ ಆಳಕ್ಕೆ ಇಳಿಸಿದೆವು. ಇಳಿದ ಮೇಲೆ ಹಗ್ಗ ತಾನಾಗಿ ಪೂರ್ವದ ಗೋಡೆಗೆ ವಾಲಿ ನಿಂತಿತು. ಕೆಳಗಿಂದ ಯಾರೋ ಮೆಲ್ಲಗೆ ಹಿಡಿದುಕೊಂಡಂತಿತ್ತು. ರಾಟೆಯ ಆಳು ಹಗ್ಗ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ದಿಕ್ಸೂಚಿಯನ್ನು ಕಬ್ಬಿಣ ಮೋಸ ಮಾಡಬಹುದು. ಸೆಣಬಿನ ಹಗ್ಗಕ್ಕೆ ಯಾವ ಕಬ್ಬಿಣದ ಹಂಗೂ ಇರಲಿಲ್ಲ.

ನಾನು ಗಣಿ ಬಾಯಿಗೆ ಓಡಿದೆ. ಭಾವ ಆಗಲೇ ಕೆಳಗಿಳಿದಿದ್ದ. ಮೊದಲ ಬಾಟಲಿಗೆ ಸಿಲ್ವರ್ ನೈಟ್ರೇಟ್ ಹನಿಸಿದೆ. ತೆಳುವಾಗಿ ಮಂಜು ಕವಿದಂತಾಯಿತು. ಅದು ಬಂಡೆಯ ಸ್ವಂತ ಉಪ್ಪು. ಎರಡನೆಯದೂ ಅಷ್ಟೇ. ಮೂರು, ನಾಲ್ಕು, ಅಷ್ಟೇ. ಮ್ಯಾನೇಜರ್ ಒಂದೆರಡು ಸಲ ಬಂದು ಇಣುಕಿ ಹೋದರು. ನನಗೆ ನಾಚಿಕೆಯಾಗತೊಡಗಿತು. ಲೈನ್ ಮನೆಗಳ ಉಪ್ಪಿನ ಮಡಕೆಗಳನ್ನೆಲ್ಲ ಬರಿದು ಮಾಡಿಸಿದ್ದೇನೆ, ಇವತ್ತು ಯಾರ ಮನೆಯ ಸಾರಿಗೂ ಉಪ್ಪಿರುವುದಿಲ್ಲ ಎಂದೆಲ್ಲ ಯೋಚನೆ ಬಂತು. ನನ್ನ ಅಂದಾಜು ತಪ್ಪಾಗಲಿ ಎಂದೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಬಿಸಿಲೇರಿದ ಮೇಲೆ ಬಂದ ಒಂದು ಬಾಟಲಿಗೆ ಹನಿ ಬಿದ್ದದ್ದೇ ತಡ, ನೀರು ಮಜ್ಜಿಗೆಯಾಯಿತು.

 ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಹನಿಸಿದೆ. ಅದೂ ಬೆಳ್ಳಗಾಯಿತು. ಲೋಟವನ್ನು ಹಾಗೇ ಹಿಡಿದು ಮ್ಯಾನೇಜರ್ ಕೋಣೆಗೆ ಹೋದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಹೆಲ್ಮೆಟ್ ತೆಗೆದುಕೊಂಡು ನೇರ ಕೇಜಿಗೆ ಹೋದರು. ಕೆಳಗೆ ಸೋರುವ ಜಾಗದಲ್ಲಿ ಬೆರಳೊಡ್ಡಿ ನಾಲಿಗೆಗೆ ಹಚ್ಚಿಕೊಂಡು ಉಗುಳಿದರಂತೆ.  ಎರಡೂ ಕೈ ಎತ್ತಿ ಎಲ್ಲರನ್ನೂ ಕೇಜಿನ ಕಡೆ ತಳ್ಳಿದರಂತೆ. ಇದು ಭಾವ ಆಮೇಲೆ ಹೇಳಿದ್ದು.

ಇಳಿಯುವ ಮುಂಚೆ ಮ್ಯಾನೇಜರ್ ನನಗೆ ಹೇಳಿದ್ದು ಒಂದೇ ಮಾತು. "ನಿಮ್ಮ ಯಂತ್ರದ ಹತ್ತಿರ ಕೂತಿರಿ. ಹರಿವು ಏರಿದರೆ ಕೂಡಲೇ ಆಳು ಕಳಿಸಿ."

ಹಳೆಯ ಶಾಫ್ಟಿಗೆ ವಾಪಸು ಬಂದಾಗ ಹೆಂಗಸರು ಹೋಗಿರಲಿಲ್ಲ. ಹೆಡ್‌ಗೇರಿನ ನೆರಳಿನಲ್ಲಿ ಸಾಲಾಗಿ ಕೂತಿದ್ದರು. ಹೆಡ್‌ಫೋನ್ ಹಾಕಿಕೊಂಡೆ. ಟಿಕ್‌ಗಳು ಬೆಳಗಿಗಿಂತ ಹತ್ತಿರ ಹತ್ತಿರ ಬರುತ್ತಿದ್ದವು. ಇವತ್ತು ಸಿಡಿಮದ್ದು ಹಾರಿಸಿಲ್ಲ, ಆದರೂ ಏರುತ್ತಿದೆ. ಆಳನ್ನು ಓಡಿಸಿದೆ. ಪೂರ್ವದ ಹೆಡ್‌ಗೇರಿನ ಚಕ್ರ ತಿರುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಿರುಗುತ್ತಿತ್ತು. ಪ್ರತಿ ಸಲವೂ ಒಂದಷ್ಟು ಜನ ಮೇಲೆ ಬಂದಂತೆ. ಮರಗೆಲಸದ ಗ್ಯಾಂಗ್ ಯಾವಾಗಲೂ ಕೊನೆಗೆ ಹೊರಡುವುದು ಎಂದು ನನಗೆ ಗೊತ್ತಿತ್ತು.

ಆಮೇಲೆ ಟಿಕ್‌ಗಳ ನಡುವಿನ ಬಿಡುವೇ ಹೋಯಿತು. ಒಂದಕ್ಕೊಂದು ಅಂಟಿಕೊಂಡು ದುಂಬಿಯ ಗುಂಯ್‌ಗುಡುವಿಕೆಯಾಯಿತು. ಕೇಬಲ್ ಜಗ್ಗಿ ರಾಟೆ ಕಿರುಗುಟ್ಟಿತು. ಕೆಳಗೆ ಎಲ್ಲೋ, ಸಿಡಿತವಲ್ಲದ, ಉದ್ದನೆಯ ಒಂದು ನಿಟ್ಟುಸಿರು. ನೀರಿನ ಮೇಲಿನ ಬಿಳಿ ಪದರ ಕೆಳಗಿಳಿಯುತ್ತಾ ಹೋಯಿತು. ಅದರ ಹಿಂದೆಯೇ ಗಾಳಿ. ಶಾಫ್ಟ್ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳತೊಡಗಿತು. ನೆಲದ ಧೂಳು, ಒಣ ಎಲೆ, ಬೀಡಿ ತುಂಡು ಎಲ್ಲವೂ ಬಾಯಿಯ ಕಡೆ ಹರಿದವು. ಸಾಲಾಗಿ ಕೂತ ಹೆಂಗಸರ ಸೆರಗುಗಳೆಲ್ಲ ಶಾಫ್ಟಿನ ಕಡೆಗೆ ಚಾಚಿ ಪಟಪಟ ಹೊಡೆದುಕೊಂಡವು.  ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.

ಗಣಿಯ ಸೈರನ್ ಕೂಗಿತು. ಪೂರ್ವದ ಚಕ್ರ ನಿಂತಿತ್ತು. ಕೇಜು ಮೇಲೆ ಬಂದು ನಿಂತಿದೆಯೋ, ಕೆಳಗೇ ನಿಂತುಬಿಟ್ಟಿದೆಯೋ, ಇಲ್ಲಿಂದ ತಿಳಿಯುವಂತಿರಲಿಲ್ಲ.  ಅಕ್ಕನ ಮುಖ ಕಣ್ಣೆದುರು ಬಂತು. ಕಿವಿಯಿಂದ ಹೆಡ್‌ಫೋನ್ ತೆಗೆಯಲೂ ಧೈರ್ಯ ಸಾಲದೆ ಆ ಗುಂಯ್‌ಗುಡುವಿಕೆಯನ್ನು ಕೇಳುತ್ತಲೇ ಕೂತೆ. ಅದು ಮೆಲ್ಲಗೆ ಇಳಿಯಿತು, ಬಿಡಿ ಬಿಡಿ ಟಿಕ್‌ಗಳಾಯಿತು, ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಕೇಬಲ್ ಈಗ ಪಶ್ಚಿಮಕ್ಕೆ ವಾಲಿತ್ತು. ಎರಡು ಗಣಿಗಳ ನಡುವೆ ನೀರು ಆಚೆಗೆ ಹೋಗಿ ಈಚೆಗೆ ಮರಳಿ ತೂಗುತ್ತಿತ್ತು. ದಿಕ್ಕು ಬದಲಿಸುವ ಪ್ರವಾಹವನ್ನು ನಾನು ಮೊದಲು ಅಳೆದದ್ದು ಸಮುದ್ರದಲ್ಲಲ್ಲ, ಅಲ್ಲಿ.

ಸಯನೈಡ್ ದಿಬ್ಬದ ಪಕ್ಕದ ಹಾದಿಯಲ್ಲಿ ಒಬ್ಬ ಮನುಷ್ಯ ನಿಧಾನವಾಗಿ ನಡೆದು ಬರುತ್ತಿದ್ದ. ಮೈಯೆಲ್ಲ ಕೆಸರು, ಹೆಗಲ ಮೇಲೆ ಕೊಡಲಿ. ಹತ್ತಿರ ಬರುವವರೆಗೂ ಗುರುತು ಸಿಗಲಿಲ್ಲ. ಭಾವ ಬಂದು ನನ್ನ ಪಕ್ಕ ಕೂತ.

"ಎಲ್ರೂ ಬಂದ್ವಿ," ಎಂದ. ಹೆಗಲ ಕೊಡಲಿ ಕೆಳಗಿಟ್ಟು, "ಟಿಫನ್ ಕ್ಯಾರಿಯರ್ ಅಲ್ಲೇ ಬುಟ್ ಬಂದೆ ಕಣ್ಲಾ. ನಿಮ್ಮಕ್ಕ ಸುಮ್ನೆ ಬುಡ್ತಾಳಾ?"

ನಾನು ಅವನ ಕೆಸರು ಭುಜಕ್ಕೆ ಹಣೆಯೊತ್ತಿ ಅತ್ತೆ. ಮೂವತ್ತರ ಹತ್ತಿರದ ಸರ್ಕಾರಿ ನೌಕರ, ಅಷ್ಟು ಹೆಂಗಸರ ಎದುರಿಗೆ.

ಸಂಜೆಗೆ ಮುಂಚೆ ಮೀಟರನ್ನೂ ಚೀಲಗಳನ್ನೂ ಎತ್ತಿದೆವು. ಚೀಲಗಳಲ್ಲಿ ಒಂದು ಹರಳೂ ಉಳಿದಿರಲಿಲ್ಲ. ರಾಮಕ್ಕ ಬಂದು ಗೋಣಿಯನ್ನು ಹಿಂಡಿ, ಬೆರಳನ್ನು ನಾಲಿಗೆಗಿಟ್ಟುಕೊಂಡರು.

"ಸಪ್ಪಗೈತೆ," ಎಂದರು. "ಅವರು ಇಟ್ಕೊಳ್ಳಲಿಲ್ಲ. ಅಷ್ಟೂ ಆಕಡೆಗೆ ಕಳಿಸ್ಬುಟ್ಟವ್ರೆ."

ನಾನು ಹಿಂಡಿದ ಗೋಣಿಗಳನ್ನು ಮಡಿಸಿ ಅವರ ಕೈಗಿಟ್ಟೆ. 

ಗಣಿಯವರು ಆ ಲೆವೆಲ್‌ಗೆ ಭದ್ರವಾದ ಕಾಂಕ್ರೀಟ್ ಅಡ್ಡಗಟ್ಟೆ ಕಟ್ಟಿಸಿ ನೀರನ್ನು ಬೇರ್ಪಡಿಸಿದರು. ಹಿಂದೆ ಯಾರೋ ಚಿನ್ನದ ಎಳೆ ಹಿಡಿದು ನಡುವಿನ ಬಂಡೆಯೊಳಕ್ಕೂ ತೋಡಿಕೊಂಡು ಬಂದಿದ್ದರು, ನಕ್ಷೆಗೆ ಅದನ್ನು ಏರಿಸಿರಲಿಲ್ಲ ಎಂದು ಆಗ ಗೊತ್ತಾಯಿತು. ನನ್ನ ಸೊನ್ನೆ ಪರೀಕ್ಷೆ ಮಾತ್ರ ಹಾಗೇ ಉಳಿದಿತ್ತು. ಕಟ್ಟೆ ಮುಗಿದ ಮೇಲೆ ಮತ್ತೆ ಬಂದು, ಅದೇ ಶಾಫ್ಟಿಗೆ, ಅದೇ ಆಳಕ್ಕೆ ಮೀಟರ್ ಇಳಿಸಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತೆ. ಪಕ್ಕದ ಗಣಿಯಲ್ಲಿ ಸಿಡಿಮದ್ದು ಹಾರಿತು, ನೆಲ ಗುದ್ದಿತು, ಧೂಳಿನ ಪದರ ನಡುಗಿತು. ಹೆಡ್‌ಫೋನಿನಲ್ಲಿ ಏನೂ ಇಲ್ಲ.

ರಾಮಕ್ಕ ಬಂದರು. ಸೆರಗು ಬಿಚ್ಚಿ ಒಂದು ಹಿಡಿ ಉಪ್ಪು ಸುರಿದು, ನನ್ನ ಕಡೆ ಕೈ ಚಾಚಿದರು. ಹೆಡ್‌ಫೋನ್ ಕೊಟ್ಟೆ. ಮೊದಲ ಸಲದಂತೆಯೇ ಬಹಳ ಹೊತ್ತು ಕೇಳಿದರು. ಅವರ ಕಣ್ಣು ತುಂಬಿ ಬಂದದ್ದನ್ನು ನೋಡಿ, ಏನೂ ಕೇಳಿಸದೆ ನೊಂದರೇನೋ ಎಂದು ನನಗೆ ಅಳುಕಾಯಿತು.

"ಇವತ್ತು ನಡೀತಿಲ್ಲ," ಎಂದು ಹೆಡ್‌ಫೋನನ್ನು ಮೆಲ್ಲಗೆ ನನ್ನ ಕೈಗಿಟ್ಟರು. "ಮನಗವ್ರೆ. ಸದ್ದು ಮಾಡ್ಬ್ಯಾಡ, ಏಳ್ಸ್‌ಬ್ಯಾಡ."

ಮುಂದಿನ ವರ್ಷ ಸೊಮಾಲಿ ತೀರಕ್ಕೆ ಹೋದೆ. ಆಮೇಲೆ ನಿವೃತ್ತಿಯವರೆಗೂ ಎಷ್ಟೋ ಸಮುದ್ರಗಳಿಗೆ ಎಷ್ಟೋ ಮೀಟರುಗಳನ್ನು ಇಳಿಸಿದೆ. ಆ ಮಹಾಪ್ರವಾಹದ ರಭಸಕ್ಕೆ ಉಕ್ಕಿನ ಹಗ್ಗ ಓರೆಯಾಗಿ ನಿಂತು ಝೇಂಕರಿಸುವುದನ್ನು ಕೇಳಿದ್ದೇನೆ. ಹರಿವನ್ನು ಅಳೆಯುವುದು ಕಷ್ಟವಲ್ಲ, ಅದು ತಾನೇ ಕೂಗಿ ಹೇಳುತ್ತದೆ ಎಂದು ನನ್ನ ಕೈಕೆಳಗಿನವರಿಗೆ ಹೇಳುತ್ತಿದ್ದೆ. ಕಷ್ಟ ಇರುವುದು ಸೊನ್ನೆಯಲ್ಲಿ. ನಿಂತಿದೆ ಎಂದು ಎಲ್ಲರೂ ನಂಬಿದ ನೀರಿನ ಎದುರು ಕೂತು, ನಿಜಕ್ಕೂ ನಿಂತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಕೇಳದೆ ಆ ಅಂಕಿಯನ್ನು ಬರೆಯಬಾರದು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ.

ಆ ಶಾಫ್ಟಿನ ವರದಿಯಲ್ಲಿ ಅಂದು ನಾನು ಬರೆದದ್ದು ಒಂದೇ ಅಂಕಿ, ಸೊನ್ನೆ. ಬರೆಯುವಾಗ ಪೆನ್ನು ಸದ್ದಾಗದಂತೆ ನೋಡಿಕೊಂಡೆ.